ಲ್ಯಾಪ್‌ಟಾಪ್ ಕ್ಯಾಬಿನ್‌ನಲ್ಲಿ, ಸ್ಕ್ರೀನ್ ಚುಕ್ಕಾಣಿಯ ಬಳಿ: ದೋಣಿಗೆ ವೈರ್‌ಲೆಸ್ ನಕ್ಷೆ ಜೋಡಿಸುವ ಬಗೆ

ದೋಣಿ ನಡೆಸುವವರಿಗೆ ನಕ್ಷೆ ಬೇಕಾಗುವುದು ಹೊರಗೆ, ಚುಕ್ಕಾಣಿಯ ಬಳಿ. ಲ್ಯಾಪ್‌ಟಾಪ್ ಇರಬೇಕಾದದ್ದು ಒಳಗೆ, ಕ್ಯಾಬಿನ್‌ನಲ್ಲಿ. ಅದನ್ನು ಹೊರಗೆ ತಂದಿಟ್ಟರೆ ಉಪ್ಪುನೀರಿನ ಎರಚಲು ಕೀಬೋರ್ಡನ್ನು ಕೆಡಿಸುತ್ತದೆ. ಕೆಡದಿದ್ದರೂ ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲ. ಒಳಗೇ ಬಿಟ್ಟರೆ ಪ್ರತಿ ಸಲ ನಕ್ಷೆ ನೋಡಲು ಚುಕ್ಕಾಣಿ ಬಿಟ್ಟು ಕೆಳಗಿಳಿಯಬೇಕು. ಎರಡೂ ಕಡೆ ಬಂಡೆಗಳಿರುವ ಕಿರಿದಾದ ದಾರಿಯಲ್ಲಿ ಅದು ಆಗದ ಮಾತು, ಅಲ್ವಾ?

ದಾರಿ ಸರಳವಾಗಿಯೇ ಇದೆ. ಕಂಪ್ಯೂಟರ್ ಒಣ ಜಾಗದಲ್ಲೇ ಇರಲಿ, ವೈಫೈ ಮೂಲಕ ನಕ್ಷೆ ಹೊರಗಿನ ಟ್ಯಾಬ್ಲೆಟ್‌ಗೆ ಬರಲಿ. ಜೋಡಿಸುವುದು ಅಷ್ಟೇನೂ ಕಷ್ಟವಲ್ಲ. ಕೆಟ್ಟಾಗ ಕೆಟ್ಟಿದೆ ಎಂದು ತಕ್ಷಣ ಗೊತ್ತಾಗುವ ಹಾಗೆ ಜೋಡಿಸುವುದು ಕಷ್ಟ. ನಿಂತುಹೋದ ನಕ್ಷೆಯೂ ಓಡುತ್ತಿರುವ ನಕ್ಷೆಯೂ ಒಂದು ನೋಟಕ್ಕೆ ಒಂದೇ ಥರ ಕಾಣುತ್ತವೆ. ಕೆಳಗಿನ ಹಂತಗಳಲ್ಲಿ ನಾನು ಮತ್ತೆ ಮತ್ತೆ ಈ ಮಾತಿಗೆ ಬರುತ್ತೇನೆ, ಏಕೆಂದರೆ ಅಪಾಯ ಇರುವುದೇ ಅಲ್ಲಿ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಇದು ಸಣ್ಣ ಹಾಯಿದೋಣಿ, ಮೋಟಾರ್ ದೋಣಿಗಳಿಗೆ ಬರೆದದ್ದು. ಸೋಲಾಸ್ ಎಂಬ ಅಂತರರಾಷ್ಟ್ರೀಯ ಸಮುದ್ರ ಸುರಕ್ಷತಾ ಒಪ್ಪಂದದ ಕೆಳಗೆ ಬರುವ ದೊಡ್ಡ ಹಡಗುಗಳಿಗೆ ಮಾನ್ಯತೆ ಪಡೆದ ಎಕ್ಡಿಸ್ ಎಂಬ ಎಲೆಕ್ಟ್ರಾನಿಕ್ ನಕ್ಷೆ ಯಂತ್ರವೇ ಬೇಕು, ಲ್ಯಾಪ್‌ಟಾಪ್ ಅದರ ಜಾಗ ತುಂಬುವುದಿಲ್ಲ. ಸಣ್ಣ ದೋಣಿಗಳ ನಿಯಮ ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ದೋಣಿ ನೋಂದಣಿಯಾದ ದೇಶದ ನಿಯಮ ನೋಡಿಕೊಳ್ಳಿ.

ಹಂತ 1: ಚಿತ್ರ ಕಳಿಸಬೇಕೋ, ಮಾಹಿತಿ ಕಳಿಸಬೇಕೋ

ಏನನ್ನೂ ಕೊಳ್ಳುವ ಮೊದಲು ಇದನ್ನು ತೀರ್ಮಾನಿಸಿ. ಎರಡು ಬಗೆಗಳಿವೆ.

ಮೊದಲನೆಯದು, ಲ್ಯಾಪ್‌ಟಾಪಿನ ಸ್ಕ್ರೀನ್ ಅನ್ನು ಹಾಗೇ ಹೊರಗೆ ತೋರಿಸುವುದು. ವಿಎನ್‌ಸಿ, ರಿಮೋಟ್ ಡೆಸ್ಕ್‌ಟಾಪ್, ಮಿರಾಕಾಸ್ಟ್ ಎಲ್ಲ ಈ ಜಾತಿಯವು. ಒಳಗೆ ಏನು ಕಾಣುತ್ತದೋ ಹೊರಗೂ ಅದೇ. ನಕ್ಷೆ ಒಂದೇ ಕಡೆ ಹಾಕಿದರೆ ಸಾಕು, ಮಾರ್ಗವನ್ನೂ ಒಂದೇ ಕಡೆ ಗುರುತು ಮಾಡಿದರೆ ಸಾಕು. ವಿಎನ್‌ಸಿಯಲ್ಲಿ ಟ್ಯಾಬ್ಲೆಟ್ ಮುಟ್ಟಿದರೆ ಒಳಗಿನ ಮೌಸ್ ಓಡಾಡುತ್ತದೆ. ಮಿರಾಕಾಸ್ಟ್ ಸಾಮಾನ್ಯವಾಗಿ ಚಿತ್ರ ತೋರಿಸುತ್ತದೆ ಅಷ್ಟೆ, ಮುಟ್ಟಿದ್ದು ವಾಪಸ್ ಹೋಗುತ್ತದೆ ಎಂದು ನಂಬಿಕೊಳ್ಳಬೇಡಿ.

ಎರಡನೆಯದು, ಜಿಪಿಎಸ್, ಆಳ, ಗಾಳಿ, ಎಐಎಸ್ (ಹಡಗುಗಳು ತಮ್ಮ ಸ್ಥಾನವನ್ನು ರೇಡಿಯೋದಲ್ಲಿ ಸಾರುವ ವ್ಯವಸ್ಥೆ) ಮಾಹಿತಿಯನ್ನಷ್ಟೇ ವೈಫೈನಲ್ಲಿ ಹರಿಬಿಡುವುದು. ಟ್ಯಾಬ್ಲೆಟ್ ತನ್ನದೇ ನಕ್ಷೆಯ ಆ್ಯಪ್‌ನಲ್ಲಿ ಅದನ್ನು ಬಿಡಿಸಿಕೊಳ್ಳುತ್ತದೆ. ಇಲ್ಲಿ ನಕ್ಷೆಯನ್ನು ಎರಡೂ ಕಡೆ ಹಾಕಬೇಕು, ಮಾರ್ಗವನ್ನೂ ಎರಡೂ ಕಡೆ ಇಡಬೇಕು. ಕೆಲಸ ಸ್ವಲ್ಪ ಜಾಸ್ತಿ.

ನನ್ನ ಆಯ್ಕೆ ಎರಡನೆಯದು. ಸ್ಕ್ರೀನ್ ಹಂಚಿಕೊಂಡಾಗ ಲ್ಯಾಪ್‌ಟಾಪ್ ನಿಂತರೆ ಒಳಗಿನದ್ದೂ ಹೊರಗಿನದ್ದೂ ಒಟ್ಟಿಗೆ ಹೋಗುತ್ತದೆ. ಮಾಹಿತಿ ಹಂಚಿಕೊಂಡಾಗ ಲ್ಯಾಪ್‌ಟಾಪ್ ಸತ್ತರೂ ಟ್ಯಾಬ್ಲೆಟ್‌ನಲ್ಲಿ ನಕ್ಷೆ ಉಳಿಯುತ್ತದೆ. ಟ್ಯಾಬ್ಲೆಟ್‌ಗೆ ಸ್ವಂತ ಜಿಪಿಎಸ್ ಇದ್ದರೆ ಅದು ಒಂಟಿಯಾಗಿಯೇ ದಾರಿ ತೋರಿಸುತ್ತದೆ.

ಇನ್ನೊಂದು ಕಾರಣವೂ ಇದೆ. ಸ್ಕ್ರೀನ್ ಹಂಚಿಕೆಯಲ್ಲಿ ಚಿತ್ರ ಒಂದೆರಡು ಸೆಕೆಂಡ್ ಹಿಂದೆ ಬೀಳುವುದುಂಟು. 6 ನಾಟ್ ವೇಗದಲ್ಲಿ ದೋಣಿ ಒಂದು ಸೆಕೆಂಡಿಗೆ ಸುಮಾರು 3 ಮೀಟರ್ ಹೋಗುತ್ತದೆ, 20 ನಾಟ್‌ನಲ್ಲಿ ಸುಮಾರು 10 ಮೀಟರ್. ನಿಧಾನದ ಹಾಯಿದೋಣಿಗೆ ಇದು ದೊಡ್ಡದಲ್ಲ. ವೇಗದ ಮೋಟಾರ್ ದೋಣಿಗೆ ಬಹಳ ದೊಡ್ಡದು.

ಇವೆರಡರ ನಡುವೆ ಒಂದು ದಾರಿ ಇದೆ: ಸಿಗ್ನಲ್ ಕೆ. ಇದು ಉಚಿತವಾಗಿ ಸಿಗುವ ಸರ್ವರ್ ತಂತ್ರಾಂಶ. ದೋಣಿಯ ಎಲ್ಲ ಮಾಹಿತಿಯನ್ನು ಒಂದೆಡೆ ಸೇರಿಸಿ ಬ್ರೌಸರ್‌ನಲ್ಲೇ ತೋರಿಸುತ್ತದೆ. ಟ್ಯಾಬ್ಲೆಟ್ ಯಾವ ಕಂಪನಿಯದಾದರೂ ಬ್ರೌಸರ್ ಇದ್ದರೆ ಸಾಕು. ಆಳ, ವೇಗ, ಗಾಳಿಯನ್ನು ದೊಡ್ಡ ಅಂಕಿಗಳಲ್ಲಿ ತೋರಿಸಲು ಇದಕ್ಕಿಂತ ಚೆನ್ನಾದದ್ದು ನಾನು ಕಂಡಿಲ್ಲ.

ಹಂತ 2: ಕಂಪ್ಯೂಟರ್ ಮತ್ತು ಕರೆಂಟ್

ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ, ಆದರೆ ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ. ಅಲೆಯ ಏಟು, ಎಂಜಿನ್ನಿನ ನಡುಕ ತಿರುಗುವ ಡಿಸ್ಕಿಗೆ ಒಳ್ಳೆಯದಲ್ಲ. ನಕ್ಷೆಗೆ ಓಪನ್‌ಸಿಪಿಎನ್ ಹಾಕಿಕೊಳ್ಳಿ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಆಂಡ್ರಾಯ್ಡ್‌ಗೂ ಇದೆ.

ಕರೆಂಟಿನ ಲೆಕ್ಕ ಮೊದಲೇ ಮಾಡಿ. ಲ್ಯಾಪ್‌ಟಾಪ್ 30 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 12 ವೋಲ್ಟ್ ಬ್ಯಾಟರಿಯಿಂದ ಅದು 2.5 ಆಂಪಿಯರ್. 10 ಗಂಟೆ ಓಡಿಸಿದರೆ 25 ಆಂಪಿಯರ್-ಅವರ್. 100 ಆಂಪಿಯರ್-ಅವರ್‌ನ ಲೆಡ್ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸುವುದು ಒಳ್ಳೆಯದು. ಅಂದರೆ ಬಳಸಬಹುದಾದ 50ರಲ್ಲಿ ಅರ್ಧವನ್ನು ಲ್ಯಾಪ್‌ಟಾಪ್ ಒಂದೇ ತಿಂದುಹಾಕುತ್ತದೆ. ಫ್ರಿಜ್, ದೀಪ, ರೇಡಿಯೋ ಎಲ್ಲ ಉಳಿದದ್ದರಲ್ಲಿ ನಡೆಯಬೇಕು.

ಉಳಿಸಲು ಎರಡು ದಾರಿ. ಒಂದು, ಇನ್ವರ್ಟರ್ ಬಿಡಿ. 12 ವೋಲ್ಟನ್ನು ಮನೆ ಕರೆಂಟ್ ಮಾಡಿ, ಅದನ್ನು ಮತ್ತೆ ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿ ಇಳಿಸಿದರೆ ಎರಡು ಕಡೆ ಸೋರುತ್ತದೆ. ನೇರವಾಗಿ 12 ವೋಲ್ಟಿನಿಂದ ಓಡುವ ಯುಎಸ್‌ಬಿ-ಸಿ ಪಿಡಿ ಚಾರ್ಜರ್ ತೆಗೆದುಕೊಳ್ಳಿ. 65 ವ್ಯಾಟಿನದು ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ಸಾಕಾಗುತ್ತದೆ. ಅದಕ್ಕೊಂದು ಪ್ರತ್ಯೇಕ ಫ್ಯೂಸ್ ಇರಲಿ. ಕಡಿಮೆ ಗುಣಮಟ್ಟದ ಚಾರ್ಜರ್‌ಗಳು ವಿಎಚ್‌ಎಫ್ ರೇಡಿಯೋದಲ್ಲಿ ಗದ್ದಲ ಎಬ್ಬಿಸುತ್ತವೆ. ಹಾಕಿದ ಮೇಲೆ ರೇಡಿಯೋ ಆನ್ ಮಾಡಿ ಕೇಳಿ.

ಎರಡನೆಯದು, ಲ್ಯಾಪ್‌ಟಾಪಿನ ಬದಲು ರಾಸ್ಪ್‌ಬೆರಿ ಪೈ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕಂಪ್ಯೂಟರ್, ಕೆಲವೇ ವ್ಯಾಟ್‌ಗಳಲ್ಲಿ ದಿನವಿಡೀ ಓಡುತ್ತದೆ. ಇದಕ್ಕೆಂದೇ ಓಪನ್‌ಪ್ಲಾಟರ್ ಎಂಬ ತಂತ್ರಾಂಶ ಇದೆ, ಅದರಲ್ಲಿ ಓಪನ್‌ಸಿಪಿಎನ್, ಸಿಗ್ನಲ್ ಕೆ ಎರಡೂ ಸಿಗುತ್ತವೆ. ಆದರೆ ಎಂಜಿನ್ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಪೈ ತಟ್ಟನೆ ಆಫ್ ಆದರೆ ಅದರ ಎಸ್‌ಡಿ ಕಾರ್ಡ್ ಕೆಡಬಹುದು. ವೋಲ್ಟೇಜ್ ಏರಿಳಿತ ತಡೆಯುವ ಒಳ್ಳೆಯ ಕನ್ವರ್ಟರ್ ಹಾಕಿ. ಎಲ್ಲ ಸಿದ್ಧವಾದ ಮೇಲೆ ಕಾರ್ಡಿನ ನಕಲು ಮಾಡಿ ಇನ್ನೊಂದು ಕಾರ್ಡಿನಲ್ಲಿಟ್ಟುಕೊಳ್ಳಿ.

ಲ್ಯಾಪ್‌ಟಾಪ್ ಆದರೆ ಇನ್ನೂ ಕೆಲವು ಸೆಟ್ಟಿಂಗ್: ಮುಚ್ಚಳ ಮುಚ್ಚಿದರೂ ನಿದ್ದೆಗೆ ಹೋಗಬಾರದು, ಸ್ಕ್ರೀನ್ ಆಫ್ ಆದರೂ ವೈಫೈ ಆಫ್ ಆಗಬಾರದು, ವಿಂಡೋಸ್ ತಾನೇ ಅಪ್‌ಡೇಟ್ ಮಾಡಿಕೊಂಡು ರೀಸ್ಟಾರ್ಟ್ ಆಗಬಾರದು.

ಹಂತ 3: ಸ್ಥಾನದ ಮಾಹಿತಿ ಕಂಪ್ಯೂಟರಿಗೆ ತರುವುದು

ಸುಲಭದ ದಾರಿ ಯುಎಸ್‌ಬಿ ಜಿಪಿಎಸ್ ರಿಸೀವರ್. ಆಕಾಶ ಕಾಣುವ ಕಡೆ ಇಡಿ. ಫೈಬರ್ ದೋಣಿಯಾದರೆ ಛಾವಣಿಯ ಕೆಳಗಿಟ್ಟರೂ ಸಾಮಾನ್ಯವಾಗಿ ಸಿಗ್ನಲ್ ಬರುತ್ತದೆ, ಉಕ್ಕು ಅಥವಾ ಅಲ್ಯೂಮಿನಿಯಂ ದೋಣಿಯಾದರೆ ಹೊರಗೇ ಇರಬೇಕು.

ವಿಂಡೋಸಿನಲ್ಲಿ ಒಂದು ಹಳೆಯ ಕಾಟ ಇದೆ. ಜಿಪಿಎಸ್ ಸಿಕ್ಕಿಸಿಯೇ ಕಂಪ್ಯೂಟರ್ ಆನ್ ಮಾಡಿದರೆ ಕೆಲವೊಮ್ಮೆ ಮೌಸ್ ಬಾಣ ಸುಮ್ನೆ ಅತ್ತಿಂದಿತ್ತ ಹಾರಾಡಲು ಶುರುಮಾಡುತ್ತದೆ, ಸಿಕ್ಕಸಿಕ್ಕಲ್ಲಿ ಕ್ಲಿಕ್ ಆಗುತ್ತದೆ. ಇದು ವೈರಸ್ ಅಲ್ಲ. ಜಿಪಿಎಸ್‌ನಿಂದ ಬರುವ ಅಕ್ಷರಗಳನ್ನು ವಿಂಡೋಸ್ ಹಳೇ ಕಾಲದ ಸೀರಿಯಲ್ ಮೌಸ್ ಎಂದು ತಿಳಿದಿರುತ್ತದೆ. ಜಿಪಿಎಸ್ ಕೀಳಿ, ಪೂರ್ತಿ ಆನ್ ಆದ ಮೇಲೆ ಸಿಕ್ಕಿಸಿ. ಇಲ್ಲವೇ ಡಿವೈಸ್ ಮ್ಯಾನೇಜರ್‌ನಲ್ಲಿ ಮೈಸ್ ಪಟ್ಟಿ ತೆರೆದು, ಅಲ್ಲಿ ಕಾಣುವ ಸೀರಿಯಲ್ ಬಾಲ್‌ಪಾಯಿಂಟ್ ಎಂಬುದನ್ನು ಡಿಸೇಬಲ್ ಮಾಡಿ. ಅಳಿಸಿದರೆ ಮತ್ತೆ ಬರುತ್ತದೆ, ಡಿಸೇಬಲ್ ಮಾಡಿದರೆ ಬರುವುದಿಲ್ಲ. ಜಿಪಿಎಸ್ ಅನ್ನು ಪ್ರತಿ ಸಲ ಅದೇ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ರೂಢಿ ಇಟ್ಟುಕೊಳ್ಳಿ. ಕಿಂಡಿ ಬದಲಾದರೆ ಪೋರ್ಟ್ ನಂಬರ್ ಬದಲಾಗಬಹುದು, ಆಗ ಓಪನ್‌ಸಿಪಿಎನ್‌ಗೆ ಜಿಪಿಎಸ್ ಸಿಗುವುದಿಲ್ಲ.

ದೋಣಿಯಲ್ಲಿ ಆಗಲೇ ಆಳ ಅಳೆಯುವ ಯಂತ್ರ, ಗಾಳಿ ಮಾಪಕ ಇದ್ದರೆ ಅವುಗಳನ್ನೂ ಸೇರಿಸಿಕೊಳ್ಳಿ. ಹಳೆಯವು ಎನ್‌ಎಂಇಎ 0183 ಎಂಬ ದೋಣಿ ಯಂತ್ರಗಳ ಭಾಷೆಯಲ್ಲಿ ಮಾತಾಡುತ್ತವೆ, ಮಾಹಿತಿ ಹರಿಯುವ ವೇಗ ಸಾಮಾನ್ಯವಾಗಿ 4800 ಬಾಡ್. ಎಐಎಸ್ ಆದರೆ 38400. ಏನೂ ಬರುತ್ತಿಲ್ಲ ಅಥವಾ ಕಸ ಅಕ್ಷರ ಬರುತ್ತಿದೆ ಎಂದರೆ ಮೊದಲು ಈ ಅಂಕಿ ನೋಡಿ. ಹೊಸವು ಎನ್‌ಎಂಇಎ 2000 ಜಾಲದಲ್ಲಿರುತ್ತವೆ. ಅದಕ್ಕೆ ಗೇಟ್‌ವೇ ಎಂಬ, ಆ ಮಾಹಿತಿಯನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬದಲಾಯಿಸುವ ಪುಟ್ಟ ಡಬ್ಬಿ ಬೇಕು. ವೈಫೈ ಇರುವ ಗೇಟ್‌ವೇ ಕೊಂಡರೆ ಅದೇ ನೇರವಾಗಿ ಟ್ಯಾಬ್ಲೆಟ್‌ಗೂ ಮಾಹಿತಿ ಕೊಡುತ್ತದೆ, ನಡುವೆ ಲ್ಯಾಪ್‌ಟಾಪ್ ಬೇಕಿಲ್ಲ. ನನಗೆ ಇಷ್ಟವಾದ ಜೋಡಣೆ ಇದೇ. ಕೊಂಡಿ ಕಡಿಮೆಯಾದಷ್ಟೂ ಕೆಡುವ ಜಾಗ ಕಡಿಮೆ.

ತಂತಿಯಲ್ಲಿ ಜೋಡಿಸುವಾಗ ವಿದ್ಯುತ್ ಪ್ರತ್ಯೇಕತೆ ಇರುವ ಅಡಾಪ್ಟರ್ ಬಳಸಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಮತ್ತು ದೋಣಿಯ ಯಂತ್ರಗಳ ನಡುವೆ ಗ್ರೌಂಡ್ ಸುತ್ತು (ಬೇಡದ ಕರೆಂಟ್ ಹರಿಯುವ ದಾರಿ) ಬಿದ್ದು ಮಾಹಿತಿ ಕೆಡಬಹುದು, ಯಂತ್ರವೂ ಹೋಗಬಹುದು.

ಎಐಎಸ್ ಬಗ್ಗೆ ಒಂದು ಮಾತು. ಕೇಳುವ ಎಐಎಸ್ ಮಾತ್ರ ಇದ್ದರೆ ದೊಡ್ಡ ಹಡಗುಗಳು ನಿಮಗೆ ಕಾಣುತ್ತವೆ, ನೀವು ಅವರಿಗೆ ಕಾಣುವುದಿಲ್ಲ. ಸ್ಕ್ರೀನ್ ಮೇಲೆ ಎಲ್ಲ ಹಡಗೂ ಕಾಣುತ್ತಿರುವಾಗ ಇದು ಸುಲಭವಾಗಿ ಮರೆತುಹೋಗುತ್ತದೆ. ಎಐಎಸ್ ಇಲ್ಲದ ಮೀನುಗಾರಿಕೆ ದೋಣಿ, ತೇಲುವ ಮರದ ದಿಮ್ಮಿ ಸ್ಕ್ರೀನಿನಲ್ಲಿ ಎಂದೂ ಬರುವುದಿಲ್ಲ ಎಂಬುದೂ ನೆನಪಿರಲಿ.

ಹಂತ 4: ದೋಣಿಯದೇ ಒಂದು ವೈಫೈ

ಬಂದರಿನ ವೈಫೈ, ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂರಬೇಡಿ. 12 ವೋಲ್ಟ್ ಅಥವಾ ಯುಎಸ್‌ಬಿಯಿಂದ ಓಡುವ ಪುಟ್ಟ ಟ್ರಾವೆಲ್ ರೌಟರ್ ಸಾಕು. ಇಂಟರ್ನೆಟ್ ಬೇಕಿಲ್ಲ, ದೋಣಿಯೊಳಗಿನ ಯಂತ್ರಗಳು ಒಂದಕ್ಕೊಂದು ಮಾತಾಡಿದರೆ ಆಯಿತು. ಪಾಸ್‌ವರ್ಡ್ ಹಾಕಿ. ವಿಎನ್‌ಸಿ ಬಳಸುವುದಾದರೆ ಅದಕ್ಕೂ ಬೇರೆ ಪಾಸ್‌ವರ್ಡ್ ಹಾಕಿ, ಇಲ್ಲದಿದ್ದರೆ ಪಕ್ಕದ ದೋಣಿಯವರೂ ನಿಮ್ಮ ಮೌಸ್ ಓಡಿಸಬಹುದು.

2.4 ಗಿಗಾಹರ್ಟ್ಸ್ ಬ್ಯಾಂಡನ್ನೇ ಆರಿಸಿ. ಅದು 5 ಗಿಗಾಹರ್ಟ್ಸ್‌ಗಿಂತ ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ. ಆದರೂ ಲೋಹದ ದೋಣಿಯಲ್ಲಿ ಕ್ಯಾಬಿನ್ ಬಾಗಿಲು ಮುಚ್ಚಿದರೆ ಸಿಗ್ನಲ್ ಕಡಿದುಹೋಗಬಹುದು. ನಡುವೆ ಒಂದಿಬ್ಬರು ನಿಂತರೂ ಕಡಿಮೆಯಾಗುತ್ತದೆ. ರೌಟರನ್ನು ಮೆಟ್ಟಿಲ ಹತ್ತಿರ, ಕಿಟಕಿಯ ಎದುರಿಗೆ ಬರುವ ಹಾಗೆ ಇಡಿ.

ಲ್ಯಾಪ್‌ಟಾಪಿಗೂ ಗೇಟ್‌ವೇಗೂ ಬದಲಾಗದ ವಿಳಾಸ ಕೊಡಿ. ರೌಟರ್ ಪ್ರತಿ ಸಲ ಹೊಸ ವಿಳಾಸ ಹಂಚಿದರೆ ಟ್ಯಾಬ್ಲೆಟ್ ಹಳೆಯ ವಿಳಾಸದಲ್ಲಿ ಹುಡುಕುತ್ತಾ ಕೂರುತ್ತದೆ. ಓಪನ್‌ಸಿಪಿಎನ್‌ನಲ್ಲಿ ಆಪ್ಷನ್ಸ್ ತೆರೆದು ಕನೆಕ್ಷನ್ಸ್‌ಗೆ ಹೋಗಿ, ನೆಟ್‌ವರ್ಕ್ ಸಂಪರ್ಕ ಸೇರಿಸಿ. ಯುಡಿಪಿ ಆದರೆ ಪೋರ್ಟ್ 10110, ಎನ್‌ಎಂಇಎ ಮಾಹಿತಿಗೆ ಇದೇ ರೂಢಿಯ ಅಂಕಿ. ಸಿಗ್ನಲ್ ಕೆ ಪುಟ ಸಾಮಾನ್ಯವಾಗಿ 3000ನೇ ಪೋರ್ಟಿನಲ್ಲಿ ತೆರೆಯುತ್ತದೆ. ಯುಡಿಪಿ ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುತ್ತದೆ, ಯಾರು ಕೇಳಿಸಿಕೊಂಡರು ಎಂದು ನೋಡುವುದಿಲ್ಲ. ಮಾಹಿತಿ ಆಗಾಗ ತಪ್ಪಿಹೋಗುತ್ತಿದ್ದರೆ, ತಲುಪಿತೇ ಎಂದು ನೋಡಿಕೊಳ್ಳುವ ಟಿಸಿಪಿಗೆ ಬದಲಾಯಿಸಿ.

ಎರಡು ಜಿಪಿಎಸ್‌ಗಳು ಒಂದೇ ಜಾಲಕ್ಕೆ ಮಾಹಿತಿ ಸುರಿದರೆ ನಕ್ಷೆಯಲ್ಲಿ ದೋಣಿ ಆ ಕಡೆ ಈ ಕಡೆ ಕುಣಿಯುತ್ತದೆ. ಯಾವುದಕ್ಕೆ ಮೊದಲ ಆದ್ಯತೆ ಎಂದು ಸೆಟ್ಟಿಂಗ್‌ನಲ್ಲಿ ಹೇಳಿ.

ಫೋನ್, ಟ್ಯಾಬ್ಲೆಟ್‌ಗಳ ಒಂದು ಅಭ್ಯಾಸವೂ ಗೊತ್ತಿರಬೇಕು. ವೈಫೈನಲ್ಲಿ ಇಂಟರ್ನೆಟ್ ಇಲ್ಲ ಎಂದು ಕಂಡರೆ ಅವು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತವೆ, ಇಲ್ಲವೇ ಬೇರೆ ವೈಫೈ ಹಿಡಿಯುತ್ತವೆ. ಇಂಟರ್ನೆಟ್ ಇಲ್ಲದಿದ್ದರೂ ಇದರಲ್ಲೇ ಇರಲೇ ಎಂದು ಕೇಳಿದರೆ ಹೌದು ಎನ್ನಿ. ಉಳಿದ ವೈಫೈಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿ.

ಸ್ವಯಂಚಾಲಿತ ಚುಕ್ಕಾಣಿಯನ್ನು ಮಾತ್ರ ವೈಫೈ ಮೂಲಕ ನಡೆಸಬೇಡಿ. ಅದಕ್ಕೆ ತಂತಿಯೇ ಇರಲಿ.

ಹಂತ 5: ನಕ್ಷೆಗಳು

ನಕ್ಷೆಗಳನ್ನು ಹೊರಡುವ ಮೊದಲೇ ಇಳಿಸಿ, ಇಂಟರ್ನೆಟ್ ಆಫ್ ಮಾಡಿ, ಹೋಗುವ ದಾರಿಯನ್ನು ಪೂರ್ತಿ ಹಿಗ್ಗಿಸಿ ನೋಡಿ. ಕೆಲವು ಆ್ಯಪ್‌ಗಳು ನೋಡಿದಷ್ಟನ್ನೇ ಉಳಿಸಿಕೊಂಡಿರುತ್ತವೆ. ಅಮೆರಿಕದ ನೀರಿಗೆ ಅಲ್ಲಿನ ಸರ್ಕಾರಿ ನೋವಾ ಸಂಸ್ಥೆಯ ಎಲೆಕ್ಟ್ರಾನಿಕ್ ನಕ್ಷೆಗಳು ಉಚಿತ. ಬೇರೆ ಬಹಳಷ್ಟು ಕಡೆ ಹಣ ಕೊಟ್ಟು ಪರವಾನಗಿ ತೆಗೆದುಕೊಳ್ಳಬೇಕು. ಒಂದು ಪರವಾನಗಿ ಎಷ್ಟು ಯಂತ್ರಗಳಿಗೆ ನಡೆಯುತ್ತದೆ ಎಂದು ಮೊದಲೇ ನೋಡಿ, ಟ್ಯಾಬ್ಲೆಟ್‌ಗೂ ಬೇಕಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. 2014ರ ನವೆಂಬರ್ 29ರಂದು ವೋಲ್ವೋ ಓಷನ್ ರೇಸ್‌ನಲ್ಲಿದ್ದ ವೆಸ್ಟಾಸ್ ವಿಂಡ್ ದೋಣಿ ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕಾರಾಜೋಸ್ ಹವಳ ದಿಬ್ಬಕ್ಕೆ ರಾತ್ರಿಯಲ್ಲಿ ಅಪ್ಪಳಿಸಿತು. ಒಂಬತ್ತು ಜನರೂ ಬದುಕಿದರು. ದೋಣಿಯಲ್ಲಿದ್ದವರು ಅನುಭವಿಗಳು, ಯಂತ್ರಗಳು ಒಳ್ಳೆಯವು, ದಿಬ್ಬ ನಕ್ಷೆಯಲ್ಲಿ ಇತ್ತು ಕೂಡ. ಆದರೆ ಸಾಕಷ್ಟು ಹಿಗ್ಗಿಸಿದರೆ ಮಾತ್ರ ಅದು ದಿಬ್ಬವಾಗಿ ಕಾಣುತ್ತಿತ್ತು. ವೆಕ್ಟರ್ ನಕ್ಷೆಗಳು (ಉಳಿಸಿಟ್ಟ ಮಾಹಿತಿಯಿಂದ ಕಂಪ್ಯೂಟರ್ ತಾನೇ ಬಿಡಿಸುವಂಥವು) ದೂರದಿಂದ ನೋಡುವಾಗ ವಿವರಗಳನ್ನು ಮರೆಮಾಡುತ್ತವೆ, ಇಲ್ಲದಿದ್ದರೆ ಸ್ಕ್ರೀನ್ ತುಂಬಿಹೋಗುತ್ತದೆ. ಕಾಗದದ ನಕ್ಷೆಯನ್ನು ಹಾಗೇ ಸ್ಕ್ಯಾನ್ ಮಾಡಿದ ರಾಸ್ಟರ್ ನಕ್ಷೆಯಲ್ಲಿ ಹೀಗಾಗುವುದಿಲ್ಲ, ಮುದ್ರಿಸಿದ್ದೆಲ್ಲ ಅಲ್ಲೇ ಇರುತ್ತದೆ. 7 ಇಂಚಿನ, 8 ಇಂಚಿನ ಸ್ಕ್ರೀನಿನಲ್ಲಿ ನಕ್ಷೆಯನ್ನು ಕುಗ್ಗಿಸಿಟ್ಟು ನೋಡುವ ಆಸೆ ಜಾಸ್ತಿ, ಆದ್ದರಿಂದ ಅಪಾಯವೂ ಜಾಸ್ತಿ. ಮಾರ್ಗ ಹಾಕಿದ ಮೇಲೆ ಅದರ ಪ್ರತಿ ತುಂಡನ್ನೂ ದೊಡ್ಡ ಅಳತೆಯಲ್ಲಿ, ಮೊದಲಿಂದ ಕೊನೆಯವರೆಗೆ, ಒಳಗಿನ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಿ. ಬೇಸರದ ಕೆಲಸ. ಬಿಡಬೇಡಿ.

ಜಿಪಿಎಸ್ ಕೆಲವೇ ಮೀಟರ್ ಆಚೀಚೆ ನಿಮ್ಮ ಸ್ಥಾನ ಹೇಳುತ್ತದೆ. ನಕ್ಷೆ ಅಷ್ಟು ನಿಖರವಾಗಿರಬೇಕಾಗಿಲ್ಲ. ಎಲೆಕ್ಟ್ರಾನಿಕ್ ನಕ್ಷೆಗಳಲ್ಲಿ ಸಮೀಕ್ಷೆಯ ಗುಣಮಟ್ಟ ಹೇಳುವ ಕ್ಯಾಟ್‌ಝಾಕ್ ಎಂಬ ವರ್ಗೀಕರಣ ಇದೆ. ಎ1 ಎಂದರೆ ಸ್ಥಾನದಲ್ಲಿ 5 ಮೀಟರ್ ಹೆಚ್ಚು ಕಡಿಮೆ, ಬಿ ಎಂದರೆ 50 ಮೀಟರ್, ಸಿ ಎಂದರೆ 500 ಮೀಟರ್. ಸಿ ಇರುವ ಕಡೆ ಬಂಡೆಯಿಂದ 100 ಮೀಟರ್ ದೂರದಲ್ಲಿ ಹೋಗುತ್ತಿದ್ದೇನೆ ಎಂದು ಸ್ಕ್ರೀನ್ ನೋಡಿ ನೆಮ್ಮದಿಯಾಗಿರಲು ಬರುವುದಿಲ್ಲ.

ಹಂತ 6: ಹೊರಗಿನ ಸ್ಕ್ರೀನ್

ಬೆಳಕಿನಿಂದ ಶುರು ಮಾಡಿ. ಸಾಧಾರಣ ಲ್ಯಾಪ್‌ಟಾಪ್ ಸ್ಕ್ರೀನ್ 250ರಿಂದ 300 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ), ಒಳ್ಳೆಯ ಟ್ಯಾಬ್ಲೆಟ್ 500ರ ಆಸುಪಾಸು, ದೋಣಿಗೆಂದೇ ಮಾಡಿದ, ನಕ್ಷೆ ತೋರಿಸುವ ಪ್ಲಾಟರ್‌ಗಳು 1000 ಅಥವಾ ಅದಕ್ಕೂ ಮೇಲೆ. 500ರದ್ದಕ್ಕೆ ನೆರಳು ಬೇಕೇ ಬೇಕು. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಸ್ಕ್ರೀನನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಪೂರ್ತಿ ಕಪ್ಪಾದರೆ ಇನ್ನೊಂದು ದಿಕ್ಕಿನಲ್ಲಿ ಕೂರಿಸಿ.

ಐಪ್ಯಾಡ್ ಕೊಳ್ಳುವವರು ನೆನಪಿಡಿ: ವೈಫೈ ಮಾತ್ರ ಇರುವ ಮಾದರಿಗಳಲ್ಲಿ ಜಿಪಿಎಸ್ ಇರುವುದಿಲ್ಲ, ಸೆಲ್ಯುಲರ್ ಮಾದರಿಯಲ್ಲಿ ಇರುತ್ತದೆ. ಸಿಮ್ ಹಾಕದಿದ್ದರೂ ನಡೆಯುತ್ತದೆ. ಆ್ಯಪಲ್ ಹೇಳುವ ಬಳಕೆಯ ಉಷ್ಣಾಂಶ 35 ಡಿಗ್ರಿಯವರೆಗೆ ಮಾತ್ರ. ನೇರ ಬಿಸಿಲಲ್ಲಿ, ಪೂರ್ತಿ ಬೆಳಕಿನಲ್ಲಿ, ಚಾರ್ಜ್ ಆಗುತ್ತಿರುವಾಗ ಯಾವ ಟ್ಯಾಬ್ಲೆಟ್ ಆದರೂ ಬೇಗ ಕಾಯುತ್ತದೆ. ಮೊದಲು ಬೆಳಕು ತಾನೇ ಇಳಿಯುತ್ತದೆ, ಆಮೇಲೆ ಆಫ್. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಇನ್ನೂ ಬೇಗ.

ಮಳೆ ಹನಿ, ಅಲೆಯ ಎರಚಲು ಬಿದ್ದಾಗ ಟಚ್ ಸ್ಕ್ರೀನ್ ಅದನ್ನೇ ಬೆರಳು ಎಂದುಕೊಳ್ಳುತ್ತದೆ. ನಕ್ಷೆ ತಾನಾಗಿ ಜಾರುತ್ತದೆ, ಮೆನು ತೆರೆದುಕೊಳ್ಳುತ್ತದೆ. ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್ ಆನ್ ಮಾಡಿ ಟಚ್ ಬಂದ್ ಮಾಡಬಹುದು. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡಿದರೆ ಕನಿಷ್ಠ ಬೇರೆ ಆ್ಯಪ್‌ಗೆ ಹಾರುವುದು ತಪ್ಪುತ್ತದೆ. ಚಾರ್ಜಿಂಗ್ ಕಿಂಡಿಗೆ ಉಪ್ಪುನೀರು ಹೋದರೆ ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗುವವರೆಗೆ ಚಾರ್ಜ್ ಹಾಕಬೇಡಿ. ಗಟ್ಟಿ ಹಿಡಿಕೆಯ ಜೊತೆಗೆ ಒಂದು ದಾರವನ್ನೂ ಕಟ್ಟಿ.

ಆಯಸ್ಕಾಂತದ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಟ್ಯಾಬ್ಲೆಟ್‌ನ ಸ್ಪೀಕರಿನಲ್ಲಿ, ಕವರಿನಲ್ಲಿ ಆಯಸ್ಕಾಂತ ಇರುತ್ತದೆ. ದಿಕ್ಸೂಚಿಯ ಪಕ್ಕದಲ್ಲಿಟ್ಟರೆ ಅದು ತಪ್ಪು ದಿಕ್ಕು ತೋರಿಸುತ್ತದೆ. ದೋಣಿ ಕಟ್ಟಿಹಾಕಿರುವಾಗ ದಿಕ್ಸೂಚಿಯ ಅಂಕಿ ನೋಡುತ್ತಾ ಟ್ಯಾಬ್ಲೆಟ್ಟನ್ನು ನಿಧಾನವಾಗಿ ಹತ್ತಿರ ತನ್ನಿ. ಅಂಕಿ ಅಲುಗಿದ ಕೂಡಲೇ ನಿಲ್ಲಿಸಿ. ಅಲ್ಲಿಂದ ಇನ್ನೂ ಸಾಕಷ್ಟು ಹಿಂದೆ ಹಿಡಿಕೆ ಕೂರಿಸಿ.

ರಾತ್ರಿಗೆ ಓಪನ್‌ಸಿಪಿಎನ್‌ನಲ್ಲಿ ರಾತ್ರಿಯ ಬಣ್ಣಗಳಿವೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಅದನ್ನು ಕೆಡಿಸಲು ಒಂದು ಬಿಳಿ ಸ್ಕ್ರೀನ್ ಸಾಕು. ಎಷ್ಟು ಇಳಿಸಿದರೂ ಬೆಳಕು ಹೆಚ್ಚೆನಿಸಿದರೆ ಸ್ಕ್ರೀನಿನ ಮೇಲೆ ಕೆಂಪು ಪ್ಲಾಸ್ಟಿಕ್ ಹಾಳೆ ಹಾಕಿ.

ಹಂತ 7: ನಿಂತುಹೋದದ್ದು ಗೊತ್ತಾಗುವ ಹಾಗೆ ಮಾಡಿ

1995ರ ಜೂನ್ 10ರಂದು ರಾಯಲ್ ಮೆಜೆಸ್ಟಿ ಎಂಬ ಪ್ರಯಾಣಿಕರ ಹಡಗು ಬರ್ಮುಡಾದಿಂದ ಬಾಸ್ಟನ್‌ಗೆ ಬರುತ್ತಾ ನಾನ್‌ಟಕೆಟ್ ದ್ವೀಪದ ಹತ್ತಿರದ ಮರಳದಿಬ್ಬದ ಮೇಲೆ ಹತ್ತಿ ನಿಂತಿತು. ಹೊರಟ ಸ್ವಲ್ಪ ಹೊತ್ತಿಗೇ ಜಿಪಿಎಸ್ ಆ್ಯಂಟೆನಾದ ಕೇಬಲ್ ಕಳಚಿತ್ತು. ಯಂತ್ರ ನಿಲ್ಲಲಿಲ್ಲ. ವೇಗ ಮತ್ತು ದಿಕ್ಕಿನಿಂದ ಅಂದಾಜು ಲೆಕ್ಕ ಹಾಕಿ ಸ್ಥಾನ ಹೇಳುತ್ತಲೇ ಇತ್ತು. ಹಾಗೆಂದು ಸೂಚಿಸಲು ಪುಟ್ಟ ಅಕ್ಷರಗಳಿದ್ದವು, ಯಾರೂ ಗಮನಿಸಲಿಲ್ಲ. ಸುಮಾರು 34 ಗಂಟೆಗಳ ನಂತರ ಹಡಗು ದಾರಿಯಿಂದ 17 ಮೈಲಿ ಆಚೆ ಇತ್ತು.

ವೈರ್‌ಲೆಸ್ ಜೋಡಣೆಯಲ್ಲಿ ಇಂಥ ಮೌನ ಸೋಲಿಗೆ ಇನ್ನೂ ಹೆಚ್ಚು ಜಾಗಗಳಿವೆ: ಜಿಪಿಎಸ್, ಕೇಬಲ್, ಲ್ಯಾಪ್‌ಟಾಪ್, ರೌಟರ್, ಟ್ಯಾಬ್ಲೆಟ್. ಅದಕ್ಕೆ ಮಾಡಬೇಕಾದ್ದು ಇಷ್ಟು.

ಹೊರಗಿನ ಸ್ಕ್ರೀನಿನ ಮೂಲೆಯಲ್ಲಿ ಜಿಪಿಎಸ್ ಸಮಯವನ್ನು ಸೆಕೆಂಡುಗಳ ಸಮೇತ ತೋರಿಸಿ. ಟ್ಯಾಬ್ಲೆಟ್‌ನ ಗಡಿಯಾರ ಅಲ್ಲ, ಜಿಪಿಎಸ್‌ನಿಂದ ಬರುವ ಸಮಯ. ಸೆಕೆಂಡ್ ಓಡುತ್ತಿದ್ದರೆ ಮಾಹಿತಿ ಬರುತ್ತಿದೆ. ನಿಂತಿದ್ದರೆ ನಕ್ಷೆಯ ಮೇಲಿನ ದೋಣಿ ಸುಳ್ಳು. ಕಣ್ಣು ಹಾಯಿಸಿದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಸೆಕೆಂಡ್ ಓಡುತ್ತಿದ್ದರೂ ಉಪಗ್ರಹ ಹಿಡಿದಿದೆ ಎಂದಲ್ಲ. ಎನ್‌ಎಂಇಎಯ ಆರ್‌ಎಂಸಿ ಸಾಲಿನಲ್ಲಿ ಸಮಯದ ಪಕ್ಕದಲ್ಲೇ ಒಂದು ಅಕ್ಷರ ಬರುತ್ತದೆ. ಎ ಇದ್ದರೆ ಸ್ಥಾನ ಸರಿ, ವಿ ಇದ್ದರೆ ನಂಬಬೇಡಿ. ಉಪಗ್ರಹ ತಪ್ಪಿದಾಗ ಸದ್ದು ಮಾಡುವ ಅಲಾರಂ ಇದ್ದರೆ ಆನ್ ಮಾಡಿ, ಅದು ಎಂಜಿನ್ ಸದ್ದಿನಲ್ಲೂ ಕೇಳಿಸುತ್ತದೆಯೇ ನೋಡಿ.

ನಕ್ಷೆಯನ್ನು ಆಳದ ಜೊತೆ ಹೋಲಿಸುತ್ತಿರಿ. ನಕ್ಷೆಯಲ್ಲಿ 20 ಮೀಟರ್, ಯಂತ್ರದಲ್ಲಿ 6 ಮೀಟರ್ ಎಂದರೆ ಉಬ್ಬರವಿಳಿತದಿಂದ ಅಷ್ಟು ವ್ಯತ್ಯಾಸ ಸಾಧ್ಯವೇ ಯೋಚಿಸಿ. ಇಲ್ಲವಾದರೆ ವೇಗ ಇಳಿಸಿ. ತೇಲುಗುರುತು, ದೀಪಸ್ತಂಭ ಕಂಡಾಗಲೂ ಅಷ್ಟೆ, ಸ್ಕ್ರೀನ್ ಹೇಳುವ ಕಡೆ ಅದು ಇದೆಯೇ?

ಹಂತ 8: ಕಟ್ಟಿಹಾಕಿರುವಾಗಲೇ ಕೆಡಿಸಿ ನೋಡಿ

ಎಲ್ಲ ಓಡುತ್ತಿರುವಾಗ ಒಂದೊಂದನ್ನೇ ಕಿತ್ತುಹಾಕಿ. ಜಿಪಿಎಸ್ ಕೇಬಲ್ ಕಿತ್ತಾಗ ಹೊರಗಿನ ಸ್ಕ್ರೀನ್‌ನಲ್ಲಿ ಏನಾಗುತ್ತದೆ, ಎಷ್ಟು ಹೊತ್ತಿಗೆ ಅಲಾರಂ ಬರುತ್ತದೆ? ರೌಟರ್ ಆಫ್ ಮಾಡಿದರೆ ಟ್ಯಾಬ್ಲೆಟ್ ತನ್ನ ಜಿಪಿಎಸ್‌ಗೆ ತಾನೇ ಬದಲಾಗುತ್ತದೆಯೇ, ನೀವೇ ಬದಲಾಯಿಸಬೇಕೇ? ಬಹಳಷ್ಟು ಆ್ಯಪ್‌ಗಳಲ್ಲಿ ನೀವೇ ಬದಲಾಯಿಸಬೇಕು, ಆ ಬಟನ್ ಎಲ್ಲಿದೆ ಎಂದು ದೋಣಿಯಲ್ಲಿರುವ ಎಲ್ಲರಿಗೂ ತೋರಿಸಿಕೊಡಿ. ಎಂಜಿನ್ ಸ್ಟಾರ್ಟ್ ಮಾಡಿ ಯಾವುದಾದರೂ ರೀಸ್ಟಾರ್ಟ್ ಆಗುತ್ತದೆಯೇ ನೋಡಿ. ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಆನ್ ಮಾಡಿ, ನಕ್ಷೆಯ ಮೇಲೆ ದೋಣಿ ಮರಳಿ ಕಾಣಲು ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ. ಆ ನಿಮಿಷಗಳಲ್ಲಿ ದೋಣಿ ಎಷ್ಟು ದೂರ ಹೋಗಿರುತ್ತದೆ ಎಂದು ಲೆಕ್ಕ ಹಾಕಿ.

ಇದರ ಜೊತೆಗೆ ಒಂದು ನೋಟ್‌ಬುಕ್, ಪೆನ್ಸಿಲ್ ಮತ್ತು ಆ ಪ್ರದೇಶದ ಕಾಗದದ ನಕ್ಷೆ ಚಾರ್ಟ್ ಮೇಜಿನಲ್ಲಿರಲಿ. ಗಂಟೆಗೊಮ್ಮೆ ಅಕ್ಷಾಂಶ, ರೇಖಾಂಶ, ದಿಕ್ಕು, ವೇಗ, ಆಳ ಬರೆಯಿರಿ. ದಡ ಹತ್ತಿರವಿದ್ದರೆ 15 ನಿಮಿಷಕ್ಕೊಮ್ಮೆ. ಎಲ್ಲ ಸ್ಕ್ರೀನ್‌ಗಳೂ ಕಪ್ಪಾದರೆ ಕೊನೆಯ ಸಾಲಿನಿಂದಲೇ ಲೆಕ್ಕ ಮುಂದುವರಿಸಬೇಕು, ಹಾಗಾಗಿ ಸಮಯವನ್ನು ಮರೆಯದೆ ಬರೆಯಿರಿ.